ಬೂಷ್ಟು ಹಿಡಿದ ಗೋಡೆ, ಕೈಸೇರದ ಅಡ್ವಾನ್ಸು: ಬಾಡಿಗೆದಾರರ ಪ್ರಶ್ನೆಗಳು

ಪ್ರಶ್ನೆ: ಎರಡು ವರ್ಷ ಬಾಡಿಗೆಗಿದ್ದ ಹೆಂಚಿನ ಮನೆ ಬಿಟ್ಟೆವು. 50,000 ರೂ. ಅಡ್ವಾನ್ಸಿನಲ್ಲಿ 28,000 ಹಿಡಿದುಕೊಂಡ ಮಾಲೀಕರು, ‘ಗೋಡೆಗೆಲ್ಲ ಬೂಷ್ಟು ಹಿಡಿಸಿದ್ದೀರಿ’ ಅನ್ನುತ್ತಾರೆ. ಇದು ಸರಿಯೇ? (ತೀರ್ಥಹಳ್ಳಿ)

ಉತ್ತರ: ಮೊದಲು ಕರಾರುಪತ್ರ ತೆಗೆದು ನೋಡಿ. ‘ಮನೆ ಬಿಡುವಾಗ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು’ ಎಂಬ ಸಾಲಿಗೆ ಸಹಿ ಹಾಕಿದ್ದರೆ ಬಣ್ಣದ ಲೆಕ್ಕಕ್ಕೆ ಅಷ್ಟು ಹೋಯಿತು, ಅದಕ್ಕಿಂತ ಹೆಚ್ಚಿಲ್ಲ. ಅಂಥ ಸಾಲಿಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಅನ್ವಯಿಸುತ್ತದೆ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು ನಿಜ, ಆದರೆ ವಾಸದಿಂದ ಸಹಜವಾಗಿ ಆಗುವ ಸವೆತ ಬಾಡಿಗೆದಾರರ ತಲೆಗೆ ಬರುವುದಿಲ್ಲ.

ಇನ್ನು ಬೂಷ್ಟು. ಅದು ಎಲ್ಲಿ, ಹೇಗೆ ಹಿಡಿದಿದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಮಾಡಿನ ಕೆಳಗಿನಿಂದ ಕಂದು ಗೆರೆ ಇಳಿದಿದ್ದರೆ ಹೆಂಚು ಸರಿದೋ ಒಡೆದೋ ಸೋರಿದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಗಾರೆ ಉದುರಿ ಬಿಳಿ ಉಪ್ಪು ಕಂಡರೆ ಪಾಯದಿಂದ ತೇವ ಏರಿದೆ. ಇವೆರಡೂ ಕಟ್ಟಡದ ದೋಷ. ಬೀರುವಿನ ಹಿಂದೆ, ಕೋಣೆಯ ಮೂಲೆಯಲ್ಲಿ ಚುಕ್ಕಿಚುಕ್ಕಿಯಾಗಿದ್ದರೆ ಮಾತ್ರ ಸ್ವಲ್ಪ ಯೋಚಿಸಿ: ಕಿಟಕಿ ಮುಚ್ಚಿ ಒಳಗೇ ಒದ್ದೆ ಬಟ್ಟೆ ಒಣಗಿಸಿದರೂ ಹಾಗಾಗುತ್ತದೆ. (ಆಷಾಢದಲ್ಲಿ ಇನ್ನೆಲ್ಲಿ ಒಣಗಿಸಬೇಕು ಎಂದು ಕೇಳಿದರೆ ನಮ್ಮಲ್ಲೂ ಉತ್ತರವಿಲ್ಲ.)

28,000ಕ್ಕೆ ಬಿಲ್ಲು ಕೇಳಿ. ಅಡ್ವಾನ್ಸು ಕೊಟ್ಟ ದಿನ, ಬೀಗದ ಕೈ ಒಪ್ಪಿಸಿದ ದಿನ, ಬರಬೇಕಾದ ಮೊತ್ತ ಬರೆದು, 15 ದಿನ ಗಡುವಿಟ್ಟು ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ ರಸೀದಿ ಇಟ್ಟುಕೊಳ್ಳಿ. ಜಗ್ಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ದಾವಾಪೂರ್ವ (ದಾವೆ ಹೂಡುವುದಕ್ಕೆ ಮೊದಲಿನ) ಅರ್ಜಿ ಕೊಡಿ. ಎದುರಿನವರನ್ನು ಕರೆಸಿ ರಾಜಿಗೆ ಕೂರಿಸುತ್ತಾರೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವಕೀಲರ ನೆರವೂ ಉಚಿತ. ಸಹಾಯವಾಣಿ 15100. ರಾಜಿಯಾಗದಿದ್ದರೆ ದಾವೆಗೆ ಮೂರು ವರ್ಷದ ಕಾಲಮಿತಿ ಇದೆ. ಕರೆಸಿಯಾರು ಎಂದು ಕಾಯುತ್ತ ಅದನ್ನು ಕಳೆದುಕೊಳ್ಳಬೇಡಿ.

ಪ್ರಶ್ನೆ: 11 ತಿಂಗಳ ಕರಾರು ಮುಗಿದಿದೆ. ಆಮೇಲೂ ನಾಲ್ಕು ತಿಂಗಳು 9,000 ರೂ. ಬಾಡಿಗೆ ಖಾತೆಗೆ ಹಾಕಿಸಿಕೊಂಡ ಮಾಲೀಕರು ಈಗ ‘ವಾರದಲ್ಲಿ ಬಿಡಿ, ಇಲ್ಲವಾದರೆ ಬೀಗ ಹಾಕುತ್ತೇನೆ’ ಅನ್ನುತ್ತಿದ್ದಾರೆ. (ವಿನೋಬನಗರ, ಶಿವಮೊಗ್ಗ)

ಉತ್ತರ: 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ತಿಂಗಳಿಗೆ ಹೆಚ್ಚೆಂದರೆ 3,500 ರೂ. ಬಾಡಿಗೆಯ ಮನೆಗಳಿಗೆ, ಹಾಗಾಗಿ ನಿಮಗಿಲ್ಲ. ಆದರೆ ಅವಧಿ ಮುಗಿದ ಮೇಲೂ ಬಾಡಿಗೆ ಪಡೆದದ್ದರಿಂದ ಅದು ತಿಂಗಳ ಬಾಡಿಗೆಯಾಗಿ ಮುಂದುವರಿದಿದೆ. ಬಿಡಿಸಲು 15 ದಿನದ ಲಿಖಿತ ನೋಟಿಸು ಬೇಕು. ನೋಟಿಸಿನ ಅವಧಿ ಮುಗಿದರೂ ನೀವು ಬಿಡದಿದ್ದರೆ ಅವರು ನ್ಯಾಯಾಲಯಕ್ಕೇ ಹೋಗಬೇಕು. ಅವರಾಗಿಯೇ ಬೀಗ ಹಾಕಿ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಸಿಟ್ಟಿನಲ್ಲಿ ಬಾಡಿಗೆ ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ: ಐದು ಲಕ್ಷ ಕೊಟ್ಟು ಮೂರು ವರ್ಷಕ್ಕೆ ಮನೆ ಭೋಗ್ಯಕ್ಕೆ ಹಿಡಿಯಬೇಕೆಂದಿದ್ದೇವೆ. 100 ರೂ. ಛಾಪಾಕಾಗದ ಸಾಕು ಎನ್ನುತ್ತಾರೆ. (ಸಾಗರ)

ಉತ್ತರ: ಸಾಲದು. ಭೋಗ್ಯವೆಂದರೆ ಕಾನೂನಿನ ಕಣ್ಣಿಗೆ ಅಡಮಾನ, ಅದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಬೇಕು. ನೋಂದಣಿಯಾಗದ ಕಾಗದದಿಂದ ಮನೆಯ ಮೇಲೆ ನಿಮಗೆ ಹಕ್ಕು ಹುಟ್ಟುವುದಿಲ್ಲ. ಹಣ ಕೊಟ್ಟಿದ್ದಕ್ಕೆ ಪುರಾವೆಯೆಂದು ತೋರಿಸಹೋದರೂ ಕೊರತೆ ಬಿದ್ದ ಮುದ್ರಾಂಕ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗಬಹುದು. ಅದನ್ನು ಕಟ್ಟುವವರು ನೀವೇ, ಕಾಗದ ಹಾಜರುಪಡಿಸುವವರು ನೀವಲ್ಲವೇ!

ಹಣ ಕೊಡುವ ಮುನ್ನ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ. ನೋಂದಣಿಯಾದ ಅಡಮಾನಗಳು ಅದರಲ್ಲಿ ಕಾಣುತ್ತವೆ. ಮಾಲೀಕರ ಮೂಲ ಕ್ರಯಪತ್ರವನ್ನೂ ಕೈಯಲ್ಲಿ ಹಿಡಿದು ನೋಡಿ. ಬರೀ ಜೆರಾಕ್ಸ್ ತೋರಿಸಿ ಮೂಲಪತ್ರ ‘ಅಣ್ಣನ ಮನೆಯಲ್ಲಿದೆ’ ಎಂದರೆ, ಅದು ಸಾಲ ಕೊಟ್ಟ ಬ್ಯಾಂಕಿನಲ್ಲಿರಬಹುದು. ಸಾಲ ಕಟ್ಟದೆ ಬ್ಯಾಂಕು ಮನೆ ವಶಪಡಿಸಿಕೊಂಡರೆ, ಅದರ ಬಾಕಿ ತೀರಿದ ಮೇಲೆ ಏನಾದರೂ ಮಿಕ್ಕರಷ್ಟೇ ನಿಮ್ಮ ಐದು ಲಕ್ಷದ ಮಾತು.