ಮಣ್ಣಿನ ರಸ್ತೆ ಅಂದ ಮಾತ್ರಕ್ಕೆ ಟ್ರ್ಯಾಕ್ ಅಲ್ಲ

ನಮಸ್ಕಾರ. ತೀರ್ಥಹಳ್ಳಿ ಕಡೆ ಹನ್ನೆರಡು ಮನೆಗಳ ನಿಮ್ಮೂರಿಗೆ ಹೋಗುವ ಮಣ್ಣಿನ ರಸ್ತೆಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಆನ್‌ಲೈನ್ ನಕ್ಷೆ) ಟ್ರ್ಯಾಕ್ ಅಂತ ಹಾಕಬೇಕಾ, ಅನ್‌ಕ್ಲಾಸಿಫೈಡ್ ಅಂತ ಹಾಕಬೇಕಾ ಎಂದು ಕೇಳಿದ್ದೀರಿ. ಅನ್‌ಕ್ಲಾಸಿಫೈಡ್ ಅಂತಲೇ ಹಾಕಿ; ಆ ನಕ್ಷೆಯಲ್ಲಿ ಊರುಗಳನ್ನು ಸೇರಿಸುವ ಸಣ್ಣ ರಸ್ತೆಗೆ ಅದೇ ಹೆಸರು.

ರಸ್ತೆ ಯಾವ ಕೆಲಸಕ್ಕೆ ಇದೆ ಅನ್ನೋದನ್ನು ನೋಡಬೇಕು, ಡಾಂಬರು ಇದೆಯೋ ಇಲ್ಲವೋ ಅನ್ನೋದನ್ನಲ್ಲ. ಶಾಲೆಗೆ ಹೋಗುವ ಮಕ್ಕಳು, ಹಾಲಿನ ಗಾಡಿ, ಆಂಬ್ಯುಲೆನ್ಸ್ ಎಲ್ಲಾ ಅದರಲ್ಲೇ ಬರಬೇಕು ಅಂದ್ರೆ ಅದು ಊರಿನ ರಸ್ತೆ. ಗದ್ದೆಗೋ ಕಾಡಿನೊಳಗೋ ಹೋಗಿ ಮುಗಿಯುವ ಟ್ರ್ಯಾಕ್ಟರ್ ದಾರಿ ಟ್ರ್ಯಾಕ್. ದಾರಿ ಹುಡುಕುವ ಎಷ್ಟೋ ಆ್ಯಪ್‌ಗಳು ಟ್ರ್ಯಾಕ್ ಅಂದ್ರೆ ಆದಷ್ಟು ತಪ್ಪಿಸಿಕೊಂಡು ಹೋಗುತ್ತವೆ. ತಪ್ಪಾಗಿ ಹಾಕಿದರೆ ನಿಮ್ಮೂರಿಗೆ ದಾರಿಯೇ ಇಲ್ಲ ಎಂದು ಆಗಿಬಿಡಬಹುದು.

ಮಣ್ಣು ಅನ್ನೋದನ್ನು ಸರ್ಫೇಸ್ ಟ್ಯಾಗ್‌ನಲ್ಲಿ, ಅಂದ್ರೆ ರಸ್ತೆಯ ಮೇಲ್ಮೈ ಏನು ಅಂತ ತಿಳಿಸುವ ಗುರುತಿನಲ್ಲಿ, ಹೇಳಿ. ಮಳೆಗಾಲದಲ್ಲಿ ಕೆಸರಾಗಿ ಜೀಪು ಮಾತ್ರ ಹತ್ತುತ್ತೆ ಅಂತಾದರೆ ರಸ್ತೆ ಎಷ್ಟು ಒರಟು ಅಂತ ಹೇಳುವ ಸ್ಮೂತ್‌ನೆಸ್ ಟ್ಯಾಗ್ ಕೂಡ ಸೇರಿಸಿ, ತುಂಬಾ ಉಪಯೋಗ. ರಸ್ತೆಯಿಂದ ಒಂದೇ ಮನೆಯ ಅಂಗಳಕ್ಕೆ ಒಳಗೆ ಹೋಗುವ ತುಂಡು ಮಾತ್ರ ಸರ್ವಿಸ್ ರಸ್ತೆ, ಅದರಲ್ಲಿ ಡ್ರೈವ್‌ವೇ ಎಂಬ ಬಗೆ.



ಊರಿನ ವಿಷಯ: ಹನ್ನೆರಡು ಮನೆ ಅಂದ್ರೆ ನಕ್ಷೆಯಲ್ಲಿ ಹ್ಯಾಮ್ಲೆಟ್, ಅಂದ್ರೆ ಪುಟ್ಟ ಹಳ್ಳಿ. ಮಲೆನಾಡಲ್ಲಿ ಒಂದೇ ಕಂದಾಯ ಗ್ರಾಮದೊಳಗೆ ಇಂಥ ಮಜರೆಗಳು ಬಹಳ ಇರುತ್ತವೆ. ಪ್ರತಿಯೊಂದಕ್ಕೂ ಬೇರೆ ಚುಕ್ಕೆ ಇಡಿ, ಜನ ಕರೆಯುವ ಹೆಸರನ್ನೇ ಕನ್ನಡದಲ್ಲಿ ಬರೆಯಿರಿ. ಒಂಟಿ ಮನೆಗೆ ಐಸೊಲೇಟೆಡ್ ಡ್ವೆಲಿಂಗ್ ಅಂತ ಬೇರೆ ಗುರುತು ಇದೆ.

ಯಾರಾದರೂ ಮೊದಲೇ ಟ್ರ್ಯಾಕ್ ಅಂತ ಹಾಕಿದ್ದರೆ, ಸುಮ್ನೆ ಬದಲಾಯಿಸಬೇಡಿ. ಬದಲಾವಣೆ ಉಳಿಸುವಾಗ ಬರೆಯುವ ಟಿಪ್ಪಣಿಯಲ್ಲಿ (ಚೇಂಜ್‌ಸೆಟ್ ಕಾಮೆಂಟ್) ಎರಡು ಸಾಲು ಕಾರಣ ಬರೆಯಿರಿ.