ಲಂಡನ್ ಆಫೀಸ್ ಕೆಳಗಿನ ಪಬ್‌ಗೆ ಟೀಮ್‌ನವರು ಕರೆಯುತ್ತಾರೆ, ನಾನು ಕುಡಿಯಲ್ಲ. ಬೇಜಾರಾಗದ ಹಾಗೆ ತಪ್ಪಿಸಿಕೊಳ್ಳುವುದು ಹೇಗೆ?

ತಪ್ಪಿಸಿಕೊಳ್ಳಬೇಡಿ. ಹೋಗಿ.

ಆನ್‌ಸೈಟ್ ಕೆಲಸಕ್ಕೆ ಅಂತ ಲಂಡನ್‌ಗೆ ಬಂದು ಮೂರು ವಾರ, ಕಟ್ಟಡದ ಬುಡದಲ್ಲೇ ಪಬ್, ಗುರುವಾರ ಬಂತು ಅಂದರೆ ಹೊಟ್ಟೆಯಲ್ಲಿ ಸಂಕಟ ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೆ 2023ರ ಅಕ್ಟೋಬರ್ ನೆನಪಾಯಿತು. ನಾನೂ ಕುಡಿಯಲ್ಲ, ಸಸ್ಯಾಹಾರಿ. ನನ್ನ ಆಫೀಸೂ ಸಿಟಿ ಆಫ್ ಲಂಡನ್‌ನಲ್ಲೇ ಇತ್ತು, ಅಂದರೆ ಲಂಡನ್ ನಡುವೆ ಬರೀ ಆಫೀಸುಗಳೇ ತುಂಬಿರುವ ಆ ಪುಟ್ಟ ಭಾಗದಲ್ಲಿ. ಬ್ಯಾಂಕ್ ಅನ್ನುವ ಮೆಟ್ರೋ ಸ್ಟೇಷನ್‌ನಿಂದ ನಡೆದರೆ ಐದು ನಿಮಿಷ.

ನಮ್ಮ ಪಬ್ಬೂ ಆಫೀಸ್ ಕೆಳಗೇ. ಮೇಲೆ ಹತ್ತು ಮಹಡಿ ಗಾಜು, ರಸ್ತೆಯ ಮಟ್ಟದಲ್ಲಿ ಒಂದು ಬಾಗಿಲು, ಅಲ್ಲಿಂದ ಮೆಟ್ಟಿಲು ಕೆಳಕ್ಕೆ. ಕಿಟಕಿ ಇಲ್ಲ. ತಲೆಯ ಮೇಲೆ ಏಸಿಯ ದಪ್ಪ ಕೊಳವೆಗಳು ಹಾಗೇ ಕಾಣುತ್ತವೆ. ಮಧ್ಯೆ ಮಧ್ಯೆ ಕಟ್ಟಡವನ್ನು ಹೊತ್ತ ಕಂಬಗಳು, ಪ್ರತಿ ಕಂಬದ ಸುತ್ತಲೂ ಗ್ಲಾಸ್ ಇಡೋಕೆ ಒಂದು ಹಲಗೆ. ಕೂರುವವರು ಕಡಿಮೆ, ನಿಂತೇ ಇರುವವರು ಜಾಸ್ತಿ. ಮೊಬೈಲ್ ಸಿಗ್ನಲ್ ಅರ್ಧ ಮೆಟ್ಟಿಲಿನಲ್ಲೇ ಹೋಗುತ್ತದೆ, ಮನೆಯವರಿಗೆ ಮೊದಲೇ ಹೇಳಿ ಇಳಿಯಿರಿ.

ಇಂಥ ಪಬ್‌ಗೆ ಕಳೆ ಇಲ್ಲ, ಹಳೇ ಮರದ ಪಬ್ ಆಗಿದ್ದರೆ ನೋಡೋಕಾದರೂ ಹೋಗಬಹುದಿತ್ತು ಅಂತ ನೀವು ಬರೆದಿರುವುದನ್ನು ನಾನು ಒಪ್ಪಲ್ಲ. ಸಿಟಿ ಅನ್ನುವ ಆ ಒಂದು ಚದರ ಮೈಲಿಯಲ್ಲಿ 2021ರ ಜನಗಣತಿಯ ಪ್ರಕಾರ ವಾಸ ಇರುವವರು 8,600 ಜನ. ಕೆಲಸಕ್ಕೆ ಬಂದು ಹೋಗುವವರು 6 ಲಕ್ಷಕ್ಕೂ ಜಾಸ್ತಿ. ಅದಕ್ಕೇ ಅಲ್ಲಿ ಎಷ್ಟೋ ಪಬ್‌ಗಳು ಶನಿವಾರ, ಭಾನುವಾರ ಬಾಗಿಲೇ ತೆಗೆಯಲ್ಲ. ಅಂದರೆ ಆ ಪಬ್ ಇರುವುದೇ ನಿಮ್ಮ ಕಟ್ಟಡದಲ್ಲಿ ಕೆಲಸ ಮಾಡುವವರಿಗಾಗಿ. ಲಿಫ್ಟ್‌ನಲ್ಲಿ ಕಣ್ಣು ತಪ್ಪಿಸುವ ಜನ ಅಲ್ಲಿ ಹೆಸರು ಹಿಡಿದು ಮಾತಾಡಿಸುತ್ತಾರೆ. ನನಗೆ ಆ ಜಾಗದ ಮೇಲೆ ಪ್ರೀತಿ ಬಂದಿದ್ದು ಹಾಗೆ. ಆದರೆ ತಡವಾಗಿ ಬಂತು.

ಮೊದಲ ಗುರುವಾರ ಐದು ಜನ ಇಳಿದೆವು. ನನ್ನ ಪಕ್ಕದ ಡೆಸ್ಕ್‌ನ ಹಿರಿಯರು ಕೌಂಟರ್‌ಗೆ ಹೋಗುವ ಮುಂಚೆ ನಿಮಗೇನು ಅಂತ ಕೇಳಿದರು. ಲೈಮ್ ಸೋಡಾ ಅಂದೆ. ಅವರು ಐದೂ ಗ್ಲಾಸ್ ತಂದರು. ಮುಗಿಯುತ್ತಿದ್ದ ಹಾಗೆ ಇನ್ನೊಬ್ಬರು ಎದ್ದರು, ಮತ್ತೆ ಐದು ಬಂತು. ಆಮೇಲೆ ಮೂರನೆಯವರು. ನನ್ನ ಮುಂದೆ ಮೂರು ಲೈಮ್ ಸೋಡಾ ಆಯಿತು. ನಾನು ಕಾಯುತ್ತಿದ್ದದ್ದು ಬಿಲ್‌ಗೆ. ನಮ್ಮಲ್ಲಿ ಕೊನೆಗೆ ಬಿಲ್ ಬರುತ್ತದೆ, ದೊಡ್ಡವರು ಕೊಡುತ್ತಾರೆ ಅಥವಾ ಎಲ್ಲರೂ ಹಂಚಿಕೊಳ್ಳುತ್ತಾರೆ. ಇಲ್ಲಿ ಬಿಲ್ಲೂ ಇಲ್ಲ, ತರುವ ಮನುಷ್ಯನೂ ಇಲ್ಲ. ಕೌಂಟರ್‌ನಲ್ಲಿ ಆಗಲೇ ದುಡ್ಡು ಕೊಟ್ಟೇ ಗ್ಲಾಸ್ ತಂದಿರುತ್ತಾರೆ. ಏಳೂವರೆಗೆ ಟ್ರೈನ್ ಇದೆ ಅಂತ ಹೇಳಿ ಹೊರಟುಬಿಟ್ಟೆ.

ರೌಂಡ್ ಅಂದರೆ ಒಬ್ಬರಾದ ಮೇಲೆ ಒಬ್ಬರು ಇಡೀ ಗುಂಪಿಗೆ ತರುವುದು. ಮೂವರಿಂದ ತೆಗೆದುಕೊಂಡು ನನ್ನ ಸರದಿ ಬರುವ ಮುಂಚೆ ಎದ್ದು ಬಂದಿದ್ದೆ. ಆದರೆ ನನಗೆ ದುಬಾರಿಯಾದ ತಪ್ಪು ಅದಲ್ಲ. ಹೊಸಬರು ಅಂತ ಅದನ್ನು ಅವರು ಅವತ್ತೇ ಮರೆತಿದ್ದರು. ತಪ್ಪು ಮಾರನೇ ದಿನ ಮಾಡಿದ್ದು.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇರೆಯವರ ದುಡ್ಡಲ್ಲಿ ಕುಡಿದೆನಲ್ಲ ಅಂತ ಕೊರೆಯುತ್ತಿತ್ತು. ಬೆಳಿಗ್ಗೆ ಲೈಮ್ ಸೋಡಾಗೆ ಎಷ್ಟು ಅಂತ ಪಬ್‌ನಲ್ಲಿ ವಿಚಾರಿಸಿದೆ. ಮೂರೂ ಜನಕ್ಕೆ ಬೇರೆ ಬೇರೆ ಮೆಸೇಜ್ ಕಳಿಸಿದೆ: ನಿಮಗೆ ಇಷ್ಟು ಕೊಡಬೇಕು, ಅಕೌಂಟ್ ನಂಬರ್ ಕಳಿಸಿ ಅಂತ. ಅಯ್ಯೋ ಪರವಾಗಿಲ್ಲ ಅಂತ ಮೂವರೂ ಬರೆದರು. ನಾನು ಬಿಡಲಿಲ್ಲ. ಪೆನ್ನಿಯೂ ಬಿಡದೆ ಎಣಿಸಿ, ಚಿಲ್ಲರೆಯನ್ನು ಅವರವರ ಕೀಬೋರ್ಡ್ ಪಕ್ಕದಲ್ಲಿ ಇಟ್ಟು ಬಂದೆ. ಮನಸ್ಸು ಹಗುರವಾಯಿತು. ಪ್ರಾಮಾಣಿಕವಾಗಿ ನಡೆದುಕೊಂಡೆ ಅಂತಲೇ ಅಂದುಕೊಂಡಿದ್ದೆ.

ಇದು ಯಾಕೆ ತಪ್ಪು ಅಂತ ಬಿಡಿಸಿ ಹೇಳುತ್ತೇನೆ, ನಿಮಗೂ ಇದೇ ಆಸೆ ಬರುತ್ತದೆ. ಹಳ್ಳಿಯಲ್ಲಿ ಮುಯ್ಯಾಳು ಅಂತ ಇದೆ ಅಲ್ವಾ. ಇವತ್ತು ನಿಮ್ಮ ಗದ್ದೆಯ ನಾಟಿಗೆ ಅವರು ಬಂದರು, ನಾಳೆ ಅವರ ಗದ್ದೆಗೆ ನೀವು ಹೋಗಬೇಕು. ನಿಮ್ಮ ಗದ್ದೆ ಚಿಕ್ಕದು, ಅವರದು ದೊಡ್ಡದು ಅಂತ ಯಾರೂ ಅಳೆಯಲ್ಲ. ಹಾಗೆ ಬಂದವರ ಮನೆಗೆ ಮಾರನೇ ದಿನ ಕೂಲಿ ಎಣಿಸಿ ಕಳಿಸಿದರೆ ಏನಾಗುತ್ತೆ? ಅವರು ಜಗಳ ಮಾಡಲ್ಲ. ದುಡ್ಡು ತೆಗೆದಿಟ್ಟು ಸುಮ್ಮನಾಗುತ್ತಾರೆ. ಮುಂದಿನ ವರ್ಷ ಕರೆಯಲ್ಲ, ಅಷ್ಟೇ. ರೌಂಡ್ ಅನ್ನುವುದು ಮುಯ್ಯಿ. ನಾನು ಕೂಲಿ ಕೊಟ್ಟುಬಿಟ್ಟಿದ್ದೆ. ಬಾಕಿ ಇರುವುದೇ ಅದರ ಜೀವ. ಬಾಕಿ ಇದ್ದರೆ ಮುಂದಿನ ಗುರುವಾರ ಮತ್ತೆ ಸಿಗೋಣ ಅಂತ ಅರ್ಥ. ನಾನು ಲೆಕ್ಕ ಚುಕ್ತಾ ಮಾಡಿದ್ದು ಅವರಿಗೆ, ಇನ್ನು ನಿಮ್ಮ ಸಹವಾಸ ಸಾಕು ಅಂದ ಹಾಗೆ ಕೇಳಿಸಿತ್ತು.

ಮುಂದಿನ ಗುರುವಾರ ಯಾರೂ ಕರೆಯಲಿಲ್ಲ. ಕುಡಿಯದವನಿಗೆ ಮುಜುಗರ ಬೇಡ ಅಂತ ಬಿಟ್ಟಿರಬೇಕು ಅಂದುಕೊಂಡೆ. ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. ಜನವರಿಯಲ್ಲಿ, ಇಂಗ್ಲೆಂಡ್‌ನಲ್ಲೇ ಹುಟ್ಟಿ ಬೆಳೆದ ಗುಜರಾತಿ ಹುಡುಗಿಯೊಬ್ಬಳು ಕಾಫಿ ಮೆಷಿನ್ ಹತ್ತಿರ ಹೇಳಿದಳು: ನೀವು ಕಾಸು ವಾಪಸ್ ಮಾಡಿದಿರಲ್ಲ, ನಮ್ಮ ಜೊತೆ ಬರೋಕೆ ಇಷ್ಟ ಇಲ್ಲ ಅಂದುಕೊಂಡೆವು. ಅವಳ ಮಾತಿನಲ್ಲಿ ಸಿಟ್ಟೇ ಇರಲಿಲ್ಲ. ಅದೇ ನನಗೆ ಜಾಸ್ತಿ ನೋವಾಗಿದ್ದು.

ಆ ವಾರವೇ ಹೋದೆ. ಎಲ್ಲರಿಗಿಂತ ಮೊದಲು ಕೌಂಟರ್‌ಗೆ ಹೋಗಿ ಮೊದಲ ರೌಂಡ್ ನಾನೇ ತಂದೆ. ಅವತ್ತೇ ಗೊತ್ತಾಯಿತು, ಪಕ್ಕದ ಡೆಸ್ಕ್‌ನ ಹಿರಿಯರು ಫೆಬ್ರವರಿ ಕೊನೆಗೆ ನಿವೃತ್ತಿ ಆಗುತ್ತಿದ್ದಾರೆ ಅಂತ. ನಾನು ಲಂಡನ್‌ಗೆ ಬಂದದ್ದೇ ಅವರು ನೋಡಿಕೊಳ್ಳುತ್ತಿದ್ದ ಹಳೇ ಕಂಪ್ಯೂಟರ್ ಸಿಸ್ಟಮ್ ಕಲಿಯೋಕೆ. ಡೆಸ್ಕ್‌ನಲ್ಲಿ ಅವರು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಅಷ್ಟೇ. ಕಂಬಕ್ಕೆ ಒರಗಿ ನಿಂತಾಗ ಕತೆ ಹೇಳುತ್ತಿದ್ದರು. ರಾತ್ರಿ ತಾನಾಗೇ ಓಡುವ ಒಂದು ಪ್ರೋಗ್ರಾಮ್ ಯಾಕೆ ಎರಡು ಸಲ ಓಡುತ್ತದೆ, ಯಾವ ಬದಲಾವಣೆಯನ್ನು ತಿಂಗಳ ಕೊನೆಯಲ್ಲಿ ಮಾತ್ರ ಮುಟ್ಟಬಾರದು, ಇವೆಲ್ಲ ಯಾವ ಡಾಕ್ಯುಮೆಂಟ್‌ನಲ್ಲೂ ಇರಲಿಲ್ಲ. ತೀರಿಹೋದ ಹೆಂಡತಿಯ ಬಗ್ಗೆಯೂ ಅಲ್ಲೇ ಹೇಳಿದ್ದು. ಇಪ್ಪತ್ತರ ಹತ್ತಿರ ಗುರುವಾರಗಳು ಸಿಗಬೇಕಿತ್ತು ನನಗೆ. ಸಿಕ್ಕಿದ್ದು ಆರು.

ನೀವೂ ಮೊದಲ ರೌಂಡ್ ನೀವೇ ತನ್ನಿ. ಆಮೇಲೆ ಅರ್ಧ ಗಂಟೆಗೆ ಹೊರಟರೂ ಯಾರಿಗೂ ಏನೂ ಅನಿಸಲ್ಲ. ಐದು ಜನ ಇದ್ದರೆ 25-30 ಪೌಂಡ್ ಆಗಬಹುದು. ರೂಪಾಯಿಗೆ ತಿರುಗಿಸಿ ನೋಡಬೇಡಿ, ಕೈ ಹಿಂದೆ ಬರುತ್ತದೆ. ಅಷ್ಟು ಖರ್ಚು ಆಗಲ್ಲ ಅಂದರೆ ಶುರುವಿನಲ್ಲೇ, ನನ್ನದು ನಾನೇ ತಗೋತೀನಿ ಅಂತ ಹೇಳಿ. ಅದಕ್ಕೂ ಮರ್ಯಾದೆ ಇದೆ.

ಕೌಂಟರ್ ಮುಂದೆ ಸಾಲು ಕಾಣಲ್ಲ. ಆದರೆ ಯಾರು ಮೊದಲು ಬಂದರು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ, ನಿಮ್ಮ ಪಕ್ಕದವರು ಮೊದಲು ಬಂದಿದ್ದರೆ ಕೌಂಟರ್‌ನವರಿಗೆ ಅವರನ್ನು ತೋರಿಸಿ. ಎಲ್ಲರದ್ದೂ ಒಟ್ಟಿಗೆ ಹೇಳಿ. ಯಾರಾದರೂ ಗಿನ್ನೆಸ್ ಅನ್ನುವ ಕಪ್ಪು ಬಿಯರ್ ಕೇಳಿದ್ದರೆ ಅದನ್ನೇ ಮೊದಲು ಹೇಳಿ, ಮುಕ್ಕಾಲು ತುಂಬಿಸಿ ನೊರೆ ಇಳಿಯೋಕೆ ಬಿಟ್ಟು ಆಮೇಲೆ ಪೂರ್ತಿ ಮಾಡುತ್ತಾರೆ. ಬಿಯರ್ ಕೇಳುವ ಅಳತೆ ಪೈಂಟ್, ಅಂದರೆ 568 ಎಂಎಲ್. ನಿಮಗೆ ಲೈಮ್ ಸೋಡಾ ಸಾಕು. ಬರೀ ನಲ್ಲಿ ನೀರು ಕೇಳಿದರೂ ಪುಕ್ಕಟೆ ಕೊಡಲೇಬೇಕು, ಅಲ್ಲಿನ ಲೈಸೆನ್ಸ್ ನಿಯಮವೇ ಹಾಗಿದೆ. ಆಲ್ಕೋಹಾಲ್ ಇಲ್ಲದ ಬಿಯರ್ ಅಂತ ಮಾರುವ ಕೆಲವದರಲ್ಲಿ 0.5 ಪರ್ಸೆಂಟ್ ಇರುತ್ತದೆ. ಒಂದು ಹನಿಯೂ ಬೇಡ ಅಂದರೆ 0.0 ಅಂತ ಬರೆದಿರುವುದನ್ನೇ ಕೇಳಿ. ಚಿಪ್ಸ್ ಅಂದರೆ ಅಲ್ಲಿ ಬಿಸಿ ಆಲೂಗಡ್ಡೆ ಕಡ್ಡಿ, ಮೀನು ಕರಿದ ಎಣ್ಣೆಯಲ್ಲೇ ಕರಿದಿರಬಹುದು, ವಿಚಾರಿಸಿ. ಪ್ಯಾಕೆಟ್‌ನದಕ್ಕೆ ಕ್ರಿಸ್ಪ್ಸ್ ಅನ್ನುತ್ತಾರೆ. ಎರಡು ಪ್ಯಾಕೆಟ್ ತಂದು, ಉದ್ದಕ್ಕೆ ಹರಿದು, ಎಲೆ ಹಾಸಿದ ಹಾಗೆ ನಡುವೆ ಬಿಡಿಸಿಡಿ. ಎಲ್ಲರ ಕೈಯೂ ಅಲ್ಲಿಗೇ ಬರುತ್ತದೆ.

ಯಾಕೆ ಕುಡಿಯಲ್ಲ ಅಂತ ಕೇಳಿದರೆ ಮಾತ್ರೆ, ಜ್ವರ ಅಂತ ಸುಳ್ಳು ಹೇಳಬೇಡಿ. ಮುಂದಿನ ವಾರ ಹೊಸ ಸುಳ್ಳು ಹುಡುಕಬೇಕಾಗುತ್ತದೆ. ನಾನು ಕುಡಿಯಲ್ಲ ಅನ್ನಿ, ಅಷ್ಟು ಸಾಕು. ಒತ್ತಾಯ ಮಾಡುವವರು ಸಿಕ್ಕರೆ ಅವರ ಪಕ್ಕದಿಂದ ಎದ್ದು ಇನ್ನೊಬ್ಬರ ಪಕ್ಕ ನಿಲ್ಲಿ. ಮದ್ಯ ಇರುವ ಜಾಗಕ್ಕೇ ಕಾಲಿಡಲ್ಲ ಅಂತ ವ್ರತ ಇದ್ದರೆ ಅದು ಬೇರೆ ಮಾತು, ಅದನ್ನು ನೇರವಾಗಿ ಹೇಳಿ, ಮಧ್ಯಾಹ್ನದ ಊಟಕ್ಕೆ ನೀವೇ ಕರೆಯಿರಿ.

ಈ ಗುರುವಾರ ಐದೂವರೆಗೇ ಇಳಿದುಬಿಡಿ. ಆರು ದಾಟಿದರೆ ಕೌಂಟರ್ ಹತ್ತಿರ ಕಾಲಿಡೋಕೆ ಜಾಗ ಇರಲ್ಲ, ಮೊದಲ ರೌಂಡ್ ಬೇರೆ ಯಾರೋ ತಂದುಬಿಟ್ಟಿರುತ್ತಾರೆ.