ಮೀಸಲು ಪಡೆಯ ಕಚೇರಿಗೆ ಪೂರ್ಣಾವಧಿ ಸಿಬ್ಬಂದಿ ಏಕೆ?

ಅಮೆರಿಕದ ಆರ್ಮಿ ರಿಸರ್ವ್‌ನ ಸೈನಿಕರು ಸಾಮಾನ್ಯವಾಗಿ ತಿಂಗಳಿಗೊಂದು ವಾರಾಂತ್ಯ ಮತ್ತು ವರ್ಷಕ್ಕೆ ಸುಮಾರು ಎರಡು ವಾರ ಮಾತ್ರ ತರಬೇತಿಗೆ ಬರುವಾಗ ಅದರ ಪ್ರಧಾನ ಕಚೇರಿಗಳಲ್ಲಿ ಪೂರ್ಣಾವಧಿ ಸಿಬ್ಬಂದಿ ಏಕೆ ಬೇಕು, ಅವರನ್ನು ಅರ್ಧಕ್ಕೆ ಇಳಿಸಬಾರದೇ ಎಂದು ತಾವು ಕೇಳಿದ್ದೀರಿ. ಇಳಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಸೈನಿಕರು ಮನೆಯಲ್ಲಿದ್ದರೂ ಅವರ ವೇತನ, ವೈದ್ಯಕೀಯ ದಾಖಲೆ, ಬಡ್ತಿ, ವಾಹನ ಮತ್ತು ಶಸ್ತ್ರಗಳ ನಿರ್ವಹಣೆ, ಮುಂದಿನ ತರಬೇತಿಯ ಸಿದ್ಧತೆ ಇವೆಲ್ಲ ದಿನವೂ ನಡೆಯಬೇಕಾದ ಕೆಲಸಗಳು. ಇವುಗಳಲ್ಲಿ ಒಂದು ತಪ್ಪಿದರೂ ಆ ಎರಡು ದಿನಗಳ ತರಬೇತಿ ಕಡತ ಸರಿಪಡಿಸುವುದರಲ್ಲೇ ಕಳೆದುಹೋಗುತ್ತದೆ.

ನಿಜವಾದ ತೊಡಕು ಬೇರೆಡೆ ಇದೆ. ಅಲ್ಲಿನ ‘ಮಿಲಿಟರಿ ಟೆಕ್ನಿಷಿಯನ್’ ಹುದ್ದೆಯಲ್ಲಿರುವ ಅನೇಕರು ವಾರದ ದಿನಗಳಲ್ಲಿ ನಾಗರಿಕ ನೌಕರರಾಗಿದ್ದು, ಅದೇ ನೌಕರಿಯ ಷರತ್ತಿನಂತೆ ಮೀಸಲು ಸೈನಿಕರೂ ಆಗಿರುತ್ತಾರೆ. ಹೀಗಾಗಿ ಯುದ್ಧಸೇವೆಗೆ ಕರೆ ಬಂದಾಗ ಅವರೂ ತಮ್ಮ ತುಕಡಿಯೊಂದಿಗೆ ಹೊರಡಬೇಕಾಗಿ, ಕಚೇರಿಗೆ ಕೆಲಸ ಅತಿ ಹೆಚ್ಚಿರುವ ಹೊತ್ತಿನಲ್ಲೇ ಅವರ ಮೇಜು ಖಾಲಿಯಾಗುತ್ತದೆ.

ಆದ್ದರಿಂದ ತಲೆ ಎಣಿಸುವ ಬದಲು, ಒಂದೇ ವರದಿಯನ್ನು ಎಷ್ಟು ಹಂತದ ಕಚೇರಿಗಳು ಮತ್ತೆ ಮತ್ತೆ ಕೇಳುತ್ತಿವೆ ಎಂಬುದನ್ನು ಮೊದಲು ಪರಿಶೀಲಿಸಿ. ಕಡಿತ ಅನಿವಾರ್ಯವಾದರೆ ಅದು ಮೇಲಿನ ಹಂತಗಳಿಂದಲೇ ಆರಂಭವಾಗಲಿ, ತುಕಡಿಯ ಮಟ್ಟದ ಗುಮಾಸ್ತರಿಂದಲ್ಲ.